ಲಿನಕ್ಸ್‌ಗೆ ಬಂದೆ, ಗ್ರಾಫಿಕ್ಸ್ ಕಾರ್ಡ್ ಜೊತೆ ಏಗಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ರ ಪಟ್ಟಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ. ಅಂದರೆ ನನ್ನದು ಒಂದೇ ಮೆಟ್ಟಿಲಲ್ಲಿ ತಪ್ಪಿಹೋಗಿತ್ತು. ಯಂತ್ರ ಮಾತ್ರ ಗಟ್ಟಿಮುಟ್ಟಾಗಿತ್ತು. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ, ರ‍್ಯಾಮ್ ಬೇಕಾದಷ್ಟಿದೆ. ಸುಮ್ನೆ ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಎಂದುಕೊಂಡೆ.

ಲಿನಕ್ಸ್ ಬಳಸುವ ಗೆಳೆಯನಿಗೆ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆಯೇ, "ಗ್ರಾಫಿಕ್ಸ್ ಕಾರ್ಡ್ ಯಾವುದೋ?" ಎಂದು. ವೈಫೈ ಬಗ್ಗೆ ಕೇಳಲಿಲ್ಲ, ಪ್ರಿಂಟರ್ ಬಗ್ಗೆ ಕೇಳಲಿಲ್ಲ. "ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ" ಎಂದೆ. "ಲ್ಯಾಪ್‌ಟಾಪಲ್ಲಾ? ಹಾಗಾದ್ರೆ ಎರಡು ಕಾರ್ಡ್ ಇರತ್ತೆ. ಸ್ವಲ್ಪ ಕೆಲಸ ಇದೆ ನಿಂಗೆ" ಎಂದು ನಕ್ಕ. ಅವನದು ಎಎಂಡಿ ಎಂಬ ಬೇರೆ ಕಂಪನಿಯ ಕಾರ್ಡ್ ಇರುವ ಡೆಸ್ಕ್‌ಟಾಪ್. ನಗಲು ಅವನಿಗೆ ಕಾರಣವಿತ್ತು.

ಸ್ಕ್ರೀನಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ನನ್ನದರಲ್ಲಿ ಎರಡು ಇರುವುದು ನಿಜ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ಡಿಸ್‌ಪ್ಲೇ ಅಡಾಪ್ಟರ್ ಎಂಬಲ್ಲಿ ಎರಡು ಹೆಸರು ಕಾಣುತ್ತವೆ. ಒಂದು ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಎಚ್‌ಡಿ 630. ಇನ್ನೊಂದು ಪ್ರತ್ಯೇಕವಾಗಿ ಕೂರಿಸಿರುವ ಎನ್‌ವಿಡಿಯಾ ಕಾರ್ಡ್. ದಿನನಿತ್ಯದ ಕೆಲಸ ಇಂಟೆಲ್ ನೋಡಿಕೊಳ್ಳುತ್ತದೆ. ಭಾರದ ಕೆಲಸ ಬಂದಾಗ ಮಾತ್ರ ಎನ್‌ವಿಡಿಯಾ ಏಳುತ್ತದೆ, ಇಲ್ಲದಿದ್ದರೆ ಬ್ಯಾಟರಿ ಉಳಿಸಲು ಮಲಗಿರುತ್ತದೆ. ಆಪ್ಟಿಮಸ್ ಎಂಬ ಹೆಸರಲ್ಲಿ 2010ರಲ್ಲಿ ಬಂದ ವ್ಯವಸ್ಥೆ ಇದು. ವಿಂಡೋಸ್‌ನಲ್ಲಿ ಇದೆಲ್ಲ ನಮ್ಮ ಕಣ್ಣಿಗೆ ಬೀಳದ ಹಾಗೆ ನಡೆದುಹೋಗುತ್ತದೆ. ಲಿನಕ್ಸ್‌ನಲ್ಲಿ ಒಂದೊಂದೂ ಕಣ್ಣಿಗೆ ಬೀಳುತ್ತದೆ.

ಮೊದಲು ಮಾಡಿದ ಕೆಲಸ ಕಾರ್ಡಿನ ಕುಲ ಪತ್ತೆಹಚ್ಚಿದ್ದು. ಡಬ್ಬದ ಮೇಲಿನ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಳಗಿನ ಚಿಪ್ ಯಾವ ತಲೆಮಾರಿನದು ಎಂಬುದೇ ಮುಖ್ಯ. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಬರೆಯುವವರು ಲೆಕ್ಕ ಇಡುವುದು ಚಿಪ್ಪಿನ ಮೇಲೆ. ಜಿಟಿ 730 ಎಂಬ ಕಾರ್ಡನ್ನೇ ನೋಡಿ. ಅದೇ ಹೆಸರಿನಲ್ಲಿ ಫರ್ಮಿ ಎಂಬ ಹಳೆಯ ತಲೆಮಾರಿನ ಚಿಪ್ ಇರುವುದೂ ಮಾರಾಟವಾಗಿದೆ, ಅದರ ನಂತರದ ಕೆಪ್ಲರ್ ಚಿಪ್ ಇರುವುದೂ ಮಾರಾಟವಾಗಿದೆ. ಫರ್ಮಿಗೆ 390ರ ಸಾಲಿನ (ಆವೃತ್ತಿ ಸಂಖ್ಯೆ 390 ಎಂದು ಶುರುವಾಗುವ) ಡ್ರೈವರೇ ಕೊನೆ. ಕೆಪ್ಲರ್‌ಗೆ 470. ಒಂದೇ ಹೆಸರು, ಹಣೆಬರಹ ಬೇರೆ. ಅದರಲ್ಲೂ ಆಟಗಳು ಕಾರ್ಡಿನ ಜೊತೆ ಮಾತಾಡಲು ಬಳಸುವ ವಲ್ಕನ್ ಎಂಬ ವ್ಯವಸ್ಥೆಯ 1.3 ಆವೃತ್ತಿ 470ರಲ್ಲಿ ಇಲ್ಲ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಡಿಎಕ್ಸ್‌ವಿಕೆ, 2022ರಲ್ಲಿ ಬಂದ ತನ್ನ 2.0 ಆವೃತ್ತಿಯಿಂದ ಅದನ್ನೇ ಕೇಳುತ್ತದೆ. ಹಾಗಾಗಿ ಕೆಪ್ಲರ್ ಕಾರ್ಡ್ ಇರುವವರಿಗೆ ಡೆಸ್ಕ್‌ಟಾಪ್ ಚೆನ್ನಾಗಿಯೇ ಬರುತ್ತದೆ, ಹೊಸ ಡಿಎಕ್ಸ್‌ವಿಕೆ ಬೇಡುವ ಆಟ ಮಾತ್ರ ತೆರೆಯುವುದಿಲ್ಲ. "ನನ್ನ ಕಾರ್ಡ್ ಲಿನಕ್ಸ್‌ನಲ್ಲಿ ಓಡುತ್ತಾ?" ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಹೇಳಲು ಆಗದಿರುವುದು ಇದಕ್ಕೇ. ಏನು ಮಾಡುವುದಕ್ಕೆ ಓಡಬೇಕು ಎಂಬುದನ್ನೂ ಕೇಳಬೇಕಾಗುತ್ತದೆ.

ನನ್ನದು ಜಿಪಿ107 ಎಂಬ ಚಿಪ್. ಪ್ಯಾಸ್ಕಲ್ ತಲೆಮಾರು, 2016ರದ್ದು. ಇದು ತಿಳಿದ ಮೇಲೆ ಎರಡು ಸಂಗತಿ ಇತ್ಯರ್ಥವಾದವು. ಮೊದಲನೆಯದು, ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಓಪನ್ ಸೋರ್ಸ್ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಜೋಡಿಸುವ ಡ್ರೈವರ್ ತುಂಡು) ನನಗೆ ಆಗಿಬರುವುದಿಲ್ಲ. ಅದು ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ. ಅಂದರೆ ಜಿಟಿಎಕ್ಸ್ 16 ಸರಣಿ, ಆರ್‌ಟಿಎಕ್ಸ್ 20 ಸರಣಿ, ಆಮೇಲಿನವು. ಎರಡನೆಯದು, ಕೋಡ್ ಹೊರಗೆ ಬಿಡದ ಮುಚ್ಚಿದ ಡ್ರೈವರ್‌ನಲ್ಲೂ 580ರ ಸಾಲೇ ಪ್ಯಾಸ್ಕಲ್‌ಗೆ ಕೊನೆ. ಅದರ ಮುಂದಿನ ಸಾಲಿನಲ್ಲಿ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಮೂರನ್ನೂ ಕೈಬಿಡಲಾಗಿದೆ. ಕೊನೆಯ ಸಾಲು ಎಂದರೆ ನಾಳೆಯೇ ನಿಂತುಹೋಗುತ್ತದೆ ಎಂದಲ್ಲ. ಆದರೆ ಅಪ್‌ಡೇಟ್ ಮಾಡುವಾಗ ಯಾವ ಸಾಲು ಬರುತ್ತಿದೆ ಎಂದು ಕಣ್ಣಿಟ್ಟಿರಬೇಕು.

ಇನ್ಸ್ಟಾಲ್ ಮಾಡುವ ಮೊದಲು ಫೆಡೋರಾ 43 ಎಂಬ ಡಿಸ್ಟ್ರೋವನ್ನು (ಲಿನಕ್ಸ್‌ನ ಒಂದು ಸಿದ್ಧ ರೂಪ) ಪೆನ್‌ಡ್ರೈವ್‌ಗೆ ಹಾಕಿ ಲೈವ್ ಆಗಿ ಓಡಿಸಿ ನೋಡಿದೆ. ಡಿಸ್ಕಿಗೆ ಕೈಹಚ್ಚದೆಯೇ ಎಲ್ಲ ಪರೀಕ್ಷೆ ಮಾಡಬಹುದು. ಈ ಸೌಲಭ್ಯವನ್ನು ಜನ ಪೂರ್ತಿ ಬಳಸಿಕೊಳ್ಳುವುದಿಲ್ಲ ಎಂದು ನನ್ನ ದೂರು. ಡೆಸ್ಕ್‌ಟಾಪ್ ಬಂತಲ್ಲ ಎಂದು ಖುಷಿಯಾಗಿ ಇನ್ಸ್ಟಾಲ್ ಒತ್ತಿಬಿಡುತ್ತಾರೆ. ಸ್ಕ್ರೀನಿನ ಬೆಳಕು ಹೆಚ್ಚುಕಡಿಮೆ ಆಗುತ್ತಾ, ಮುಚ್ಚಿ ತೆರೆದರೆ ಸ್ಲೀಪ್‌ನಿಂದ ಏಳುತ್ತಾ, ಹೊರಗಿನ ಮಾನಿಟರ್ ಬರುತ್ತಾ, ವಿಡಿಯೋ ಓಡುವಾಗ ಫ್ಯಾನ್ ಎಷ್ಟು ಕೂಗುತ್ತೆ, ಇಷ್ಟನ್ನಾದರೂ ಅಲ್ಲೇ ನೋಡಿಬಿಡಬೇಕು.

ನನಗೆ ಡೆಸ್ಕ್‌ಟಾಪ್ ಚೆನ್ನಾಗಿಯೇ ಬಂತು. ಬೆಳಕಿನ ಕೀ ಕೆಲಸ ಮಾಡಿತು. ಸ್ವಲ್ಪ ಹೊತ್ತು ಬಿಟ್ಟು ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ಯಾವ ಕಾರ್ಡಿಗೆ ಯಾವ ಡ್ರೈವರ್ ಕೂತಿದೆ ಎಂದು ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟೆ. ಕರ್ಸರ್ ಮಿನುಗುತ್ತಾ ನಿಂತಿತು. ಉತ್ತರ ಇಲ್ಲ. ಮೌಸ್ ತಡವರಿಸತೊಡಗಿತು. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು.

ಕಾರಣ ಹುಡುಕಿದರೆ ಇದು ಆ ಕಾಲದ ಎರಡು ಕಾರ್ಡಿನ ಲ್ಯಾಪ್‌ಟಾಪ್‌ಗಳಲ್ಲಿ ಹಲವರಿಗೆ ಗೊತ್ತಿರುವ ಕಥೆಯೇ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಕರ್ನಲ್ ಒಳಗೇ ಬರುವ ಮುಕ್ತ ಡ್ರೈವರ್‌ಗೆ ನೂವೋ ಎಂದು ಹೆಸರು. ಕೆಲಸವಿಲ್ಲದಾಗ ಅದು ಕಾರ್ಡನ್ನು ಮಲಗಿಸುತ್ತದೆ. ಎಲ್‌ಎಸ್‌ಪಿಸಿಐ ಎಲ್ಲ ಸಾಧನಗಳನ್ನೂ ಮುಟ್ಟಿ ನೋಡುವುದರಿಂದ ಮಲಗಿದ ಕಾರ್ಡ್ ಏಳಬೇಕು. ಹೀಗೆ ಎಬ್ಬಿಸುವಾಗ ಲ್ಯಾಪ್‌ಟಾಪಿನ ಬಯಾಸ್ (ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ಹೇಳುವುದಕ್ಕೂ ಡ್ರೈವರ್ ಮಾಡುವುದಕ್ಕೂ ತಾಳೆಯಾಗದಿದ್ದರೆ ಎಲ್ಲ ಸ್ತಬ್ಧ.

ಇಂಥ ಹೊತ್ತಲ್ಲಿ ಸಿಗುವ ಸಿದ್ಧ ಸಲಹೆ ನೋಮೋಡ್‌ಸೆಟ್. ಬೂಟ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಆ ಪದ ಸೇರಿಸಿ ಬೂಟ್ ಮಾಡಿ ಎನ್ನುತ್ತಾರೆ. ಕಪ್ಪು ಪರದೆ ದಾಟಿ ಒಳಗೆ ಹೋಗಲು ಇದು ಉಪಯೋಗಕ್ಕೆ ಬರುತ್ತದೆ, ಸುಳ್ಳಲ್ಲ. ಆದರೆ ಅದು ಮಾಡುವುದೇನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಗ್ರಾಫಿಕ್ಸ್ ಡ್ರೈವರ್‌ಗಳೆಲ್ಲ ಸ್ಕ್ರೀನಿನ ಗೋಜಿಗೇ ಹೋಗಬೇಡಿ ಎಂದು ಅದು ತಡೆಯುತ್ತದೆ. ನೂವೋ ಜೊತೆಗೆ, ಸರಿಯಾಗಿದ್ದ ಇಂಟೆಲ್ ಡ್ರೈವರ್ ಕೂಡ ಕೆಲಸ ನಿಲ್ಲಿಸುತ್ತದೆ. ಆಮೇಲೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆಗೆ. ಅದನ್ನು ಖಾಯಂ ಸೇರಿಸಿಟ್ಟುಕೊಂಡು "ಲಿನಕ್ಸ್ ಸ್ಲೋ ಕಣ್ರೀ" ಎನ್ನುವವರನ್ನು ನೋಡಿದ್ದೇನೆ. ಸ್ಲೋ ಆಗದೆ ಇನ್ನೇನಾಗತ್ತೆ?

ನನಗೆ ಬೇಕಾಗಿದ್ದುದು ಅಷ್ಟು ದೊಡ್ಡ ಕೊಡಲಿಯಲ್ಲ. ಅದೇ ಸಾಲಿನಲ್ಲಿ ನೂವೋ, ಚುಕ್ಕೆ, ರನ್‌ಪಿಎಂ, ಸಮ ಚಿಹ್ನೆ, ಸೊನ್ನೆ ಎಂದು ಸೇರಿಸಿದೆ. ಕಾರ್ಡನ್ನು ಮಲಗಿಸಬೇಡ ಎಂದಷ್ಟೇ ಅದರ ಅರ್ಥ. ಮತ್ತೆ ಬೂಟ್ ಆದಾಗ ಎಲ್‌ಎಸ್‌ಪಿಸಿಐ ತಕ್ಷಣ ಉತ್ತರ ಕೊಟ್ಟಿತು.

ಆ ಉತ್ತರವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಪ್ರತಿ ಕಾರ್ಡಿಗೂ ಕೊನೆಯಲ್ಲಿ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ತಯಾರಕರದು. ಇಂಟೆಲ್‌ಗೆ 8086, ಎಎಂಡಿಗೆ 1002, ಎನ್‌ವಿಡಿಯಾಗೆ 10ಡಿಇ. ಇಂಟೆಲ್‌ನವರು 1978ರ ತಮ್ಮ ಹೆಸರಾಂತ ಚಿಪ್ಪಿನ ಸಂಖ್ಯೆಯನ್ನೇ ಇಟ್ಟುಕೊಂಡಿರುವುದು ನೋಡಿ ನಗು ಬಂತು. ಎರಡನೆಯ ಸಂಖ್ಯೆ ಆ ಚಿಪ್ಪಿನದು. ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಈ ಜೋಡಿ ಕೊಟ್ಟರೆ ಸಾಕು, ಗೊಂದಲಕ್ಕೆ ಎಡೆ ಇರುವುದಿಲ್ಲ.

ಇನ್ನೊಂದು ಸುಳಿವು ಸಾಲಿನ ಮೊದಲಲ್ಲೇ ಇರುತ್ತದೆ. ಎರಡನೆಯ ಕಾರ್ಡನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತ್ರೀಡಿ ಕಂಟ್ರೋಲರ್ ಎಂದು ತೋರಿಸುತ್ತದೆ, ಕೆಲವದರಲ್ಲಿ ವಿಜಿಎ ಕಂಟ್ರೋಲರ್ ಎಂದು. ತ್ರೀಡಿ ಎಂದಿದ್ದರೆ ಆ ಕಾರ್ಡಿಗೆ ಯಾವ ಸ್ಕ್ರೀನಿನ ಕಿಂಡಿಯೂ ಜೋಡಣೆಯಾಗಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಲೆಕ್ಕ ಹಾಕಿ ಚಿತ್ರವನ್ನು ಇಂಟೆಲ್ ಕೈಗೆ ಕೊಡುವುದಷ್ಟೇ ಅದರ ಕೆಲಸ. ನನ್ನದರಲ್ಲಿ ವಿಜಿಎ ಎಂದಿತ್ತು. ಅಂದರೆ ಯಾವುದೋ ಒಂದು ಕಿಂಡಿ ನೇರ ಎನ್‌ವಿಡಿಯಾಗೆ ಹೋಗಿದೆ.

ಯಾವ ಕಿಂಡಿ? ಲಿನಕ್ಸ್‌ನಲ್ಲಿ ಸಿಸ್ ಎಂಬ ಫೋಲ್ಡರ್ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಎಂದು ಇದೆ. ಅಲ್ಲಿ ಹೆಸರುಗಳ ಪಟ್ಟಿ ನೋಡಿದರೆ ಸಾಕು. ಪ್ರತಿ ಕಾರ್ಡಿನ ಹೆಸರಿಗೆ ಬಾಲದಂತೆ ಅದರ ಕಿಂಡಿಗಳ ಹೆಸರು ಅಂಟಿಕೊಂಡಿರುತ್ತದೆ. ನನ್ನ ಪಟ್ಟಿಯಲ್ಲಿ ಇಂಟೆಲ್ ಕಾರ್ಡಿಗೆ ಇಡಿಪಿ-1 ಮತ್ತು ಡಿಪಿ-1. ಇಡಿಪಿ ಅಂದರೆ ಲ್ಯಾಪ್‌ಟಾಪಿನ ಸ್ವಂತ ಸ್ಕ್ರೀನ್. ಎನ್‌ವಿಡಿಯಾ ಕಾರ್ಡಿಗೆ ಎಚ್‌ಡಿಎಂಐ-ಎ-1. ಅಂದರೆ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯ ತಂತಿ ಇಂಟೆಲ್ ಕಡೆ ಹೋಗಿಯೇ ಇಲ್ಲ. ಇದು ಮದರ್‌ಬೋರ್ಡಿನಲ್ಲೇ ಹಾಕಿದ ಗೆರೆ. ಯಾವ ಸಾಫ್ಟ್‌ವೇರೂ ಬದಲಿಸಲಾರದು.

ನನ್ನ ಕೆಲಸದ ಮೇಜಿನ ಮೇಲೆ ದೊಡ್ಡ ಮಾನಿಟರ್ ಇದೆ, ಎಚ್‌ಡಿಎಂಐ ಕೇಬಲ್‌ನಿಂದಲೇ ಜೋಡಿಸಿದ್ದೆ. ಈ ಒಂದು ಸಾಲು ಓದಿದಾಗಲೇ ಮುಂದಿನ ಕಷ್ಟ ಅಂದಾಜಾಯಿತು. ಎನ್‌ವಿಡಿಯಾ ಕಾರ್ಡ್ ನನಗೆ ಆಟಕ್ಕೆ ಮಾತ್ರ ಬೇಕಾಗಿದ್ದು. ಈಗ ನೋಡಿದರೆ ಮಾನಿಟರ್‌ನಲ್ಲಿ ಒಂದು ಅಕ್ಷರ ಮೂಡಬೇಕಾದರೂ ಅದು ಎಚ್ಚರವಾಗಿರಬೇಕು.

ನೂವೋ ಇಟ್ಟುಕೊಂಡೇ ಇರಬಹುದಿತ್ತಲ್ಲ ಎನ್ನಬಹುದು. ಲೈವ್ ಆಗಿ ಓಡಿಸಿದಾಗ ಮಾನಿಟರ್ ಬಂದಿತ್ತು ಕೂಡ. ತೊಡಕು ವೇಗದಲ್ಲಿದೆ. ಜಿಟಿಎಕ್ಸ್ 900 ಸರಣಿಯಿಂದ ಈಚೆಗೆ ಕಾರ್ಡಿನ ವೇಗ, ವೋಲ್ಟೇಜ್ ನೋಡಿಕೊಳ್ಳುವ ಫರ್ಮ್‌ವೇರ್‌ಗೆ (ಕಾರ್ಡಿನ ಒಳಗೇ ಓಡುವ ತಂತ್ರಾಂಶಕ್ಕೆ) ತಯಾರಕರ ಡಿಜಿಟಲ್ ಸಹಿ ಬೇಕು. ಪ್ಯಾಸ್ಕಲ್‌ನಲ್ಲಿ ನೂವೋ ಬಳಿ ಆ ಕೀಲಿ ಇಲ್ಲ. ಹಾಗಾಗಿ ಕಾರ್ಡ್ ಬೂಟ್ ಆದಾಗ ಇದ್ದ ಕಡಿಮೆ ವೇಗದಲ್ಲೇ ಉಳಿದುಬಿಡುತ್ತದೆ. ಟ್ಯೂರಿಂಗ್‌ನಿಂದ ಈಚೆಗೆ ಕಾರ್ಡಿನ ಒಳಗೇ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಕೂತು ಈ ಕೆಲಸ ಮಾಡುತ್ತದೆ. ಅದರ ಫರ್ಮ್‌ವೇರ್ ಬಳಸಿಕೊಂಡು ಮುಕ್ತ ಡ್ರೈವರ್‌ಗಳು ಈಗ ಚೆನ್ನಾಗಿ ಓಡುತ್ತಿವೆ. ಪ್ಯಾಸ್ಕಲ್ ಇರುವವರದು ನಡುವಿನ ಪಾಡು. ಅತ್ತ ತೀರಾ ಹಳೆಯದಲ್ಲ, ಇತ್ತ ಹೊಸ ದಾರಿಗೆ ಸೇರುವಷ್ಟು ಹೊಸದೂ ಅಲ್ಲ. ಆಟ ಆಡಬೇಕೆಂದರೆ ಮುಚ್ಚಿದ ಡ್ರೈವರ್ ಒಂದೇ ಗತಿ.

ಡಿಸ್ಕಿಗೆ ಇನ್ಸ್ಟಾಲ್ ಮಾಡಿದ್ದು ಸಲೀಸಾಗಿ ಮುಗಿಯಿತು, ಹೇಳುವಂಥದ್ದೇನಿಲ್ಲ. ಡ್ರೈವರ್ ಕಥೆ ಮಾತ್ರ ಹೇಳಬೇಕು.

ಎಎಂಡಿ ಮತ್ತು ಇಂಟೆಲ್ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಎಎಂಡಿಯ ಈಗಿನ ಎಎಂಡಿಜಿಪಿಯು ಡ್ರೈವರ್ 2015ರಿಂದ ಕರ್ನಲ್ ಒಳಗಿದೆ. ಕರ್ನಲ್ ಬದಲಾದರೆ ಡ್ರೈವರೂ ಅದರ ಜೊತೆಗೇ ಬದಲಾಗಿರುತ್ತದೆ. ಎನ್‌ವಿಡಿಯಾದ ಡ್ರೈವರ್ ಹೊರಗಿನದು. ಪ್ರತಿ ಕರ್ನಲ್‌ಗೂ ಅದರ ಮಾಡ್ಯೂಲನ್ನು ಬೇರೆಯಾಗಿ ಕಟ್ಟಬೇಕು. ಕೆಲವು ಡಿಸ್ಟ್ರೋಗಳು ಕಟ್ಟಿಟ್ಟಿದ್ದನ್ನೇ ಕೊಡುತ್ತವೆ. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರ ಸೇರಿಸಿಕೊಂಡು ಅಲ್ಲಿಂದ ಅಕ್‌ಮಾಡ್ ಎಂಬ ರೂಪದಲ್ಲಿ ತರಿಸಬೇಕು. ಅದು ನಮ್ಮ ಯಂತ್ರದಲ್ಲೇ ಮಾಡ್ಯೂಲ್ ಕಟ್ಟುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಇನ್ಸ್ಟಾಲ್ ಕಮಾಂಡ್ ಮುಗಿಯಿತು ಎಂದು ಟರ್ಮಿನಲ್ ಹೇಳಿದ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ. ಮಾಡ್ಯೂಲ್ ಕಟ್ಟುವ ಕೆಲಸ ಹಿಂದೆ ಸದ್ದಿಲ್ಲದೆ ಇನ್ನೂ ನಡೆಯುತ್ತಿರುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ. ಆ ನಡುವೆ ರೀಬೂಟ್ ಮಾಡಿದರೆ ಅರ್ಧಂಬರ್ಧ. ಮಾಡ್‌ಇನ್ಫೋ ಎಂಬ ಕಮಾಂಡ್‌ನಿಂದ ಎನ್‌ವಿಡಿಯಾ ಮಾಡ್ಯೂಲಿನ ಆವೃತ್ತಿ ಕೇಳುತ್ತಿರಬೇಕು. ಮೊದಲು ಸಿಗಲಿಲ್ಲ ಎನ್ನುತ್ತದೆ. ಸಂಖ್ಯೆ ತೋರಿಸಿದಾಗ ಮಾತ್ರ ರೀಬೂಟ್. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಅದು ನಿಂತಾಗಲೇ ನನಗೆ ಗೊತ್ತಾಯಿತು. ಕೇಳಿದೆ, 580 ಎಂದು ಶುರುವಾಗುವ ಸಂಖ್ಯೆ ಬಂತು.

ಅದಕ್ಕೂ ಮೊದಲು ಸೆಕ್ಯೂರ್ ಬೂಟ್ ವಿಚಾರ ಮುಗಿಸಿರಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಮ್ಮ ಯಂತ್ರದಲ್ಲೇ ಕಟ್ಟಿದ ಮಾಡ್ಯೂಲಿಗೆ ಬೇರೆ ಯಾರು ಸಹಿ ಹಾಕುತ್ತಾರೆ? ನಾವೇ ಹಾಕಬೇಕು. ಅದಕ್ಕೊಂದು ಕೀಲಿ ಹುಟ್ಟಿಸಿ, ಈ ಕೀಲಿ ನನ್ನದೇ, ನಂಬಬಹುದು ಎಂದು ಬೂಟ್ ವ್ಯವಸ್ಥೆಗೆ ಒಪ್ಪಿಸಬೇಕು. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಎನ್ನುವವರೇ ಜಾಸ್ತಿ. ಅದೂ ಒಂದು ದಾರಿ. ಆದರೆ ಕೀಲಿ ಒಪ್ಪಿಸುವುದು ಒಮ್ಮೆ ಮಾಡಿ ಮರೆಯುವ ಕೆಲಸ. ಅದಕ್ಕಾಗಿ ಇರುವ ಕಾವಲನ್ನು ಏಕೆ ತೆಗೆಯಬೇಕು ಎಂದು ನಾನು ಕೀಲಿಯ ದಾರಿ ಹಿಡಿದೆ.

ಕೀಲಿ ಒಪ್ಪಿಸುವ ಮೋಕ್‌ಯುಟಿಲ್ ಕಮಾಂಡ್ ಕೊಟ್ಟಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಮುಂದಿನ ಬೂಟ್‌ನಲ್ಲಿ ಒಂದೇ ಸಲಕ್ಕೆ ಬೇಕಾಗುವಂಥದ್ದು. ಕಷ್ಟದ ಚಿಹ್ನೆಗಳನ್ನು ಹಾಕಬೇಡಿ. ಆ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿ ಇರುತ್ತದೆ, ನಿಮ್ಮದು ಬೇರೆಯಾಗಿದ್ದರೆ ಚಿಹ್ನೆಗಳು ಅದಲುಬದಲಾಗುತ್ತವೆ. ರೀಬೂಟ್ ಆದೊಡನೆ ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀ ಒತ್ತಿ ಎಂದು ಹತ್ತರಿಂದ ಇಳಿಯೆಣಿಕೆ ಶುರು. ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ, ಕೀಲಿ ಒಪ್ಪಿಸುವ ಅವಕಾಶ ಹೋಯಿತು, ಮೊದಲಿನಿಂದ ಶುರು. ವಿಂಡೋಸ್‌ನ ನೀಲಿ ಪರದೆ ನೋಡಿ ಬೆಳೆದವರಿಗೆ ಏನೋ ಕೆಟ್ಟಿತು ಅನ್ನಿಸುವುದು ಸಹಜ. ಆಫ್ ಮಾಡಿಬಿಡುತ್ತಾರೆ. ಎನ್ರೋಲ್ ಮೋಕ್ ಎಂಬುದನ್ನು ಆರಿಸಿ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಅಷ್ಟೇ.

ಲಾಗಿನ್ ಆದಮೇಲೆ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟರೆ ಕಾರ್ಡಿನ ಹೆಸರು, ಬಿಸಿ, ಮೆಮೊರಿ ಎಲ್ಲ ಚೌಕದೊಳಗೆ ಬಂದವು. ಆಟದ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ "ಬೇರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ತೆರೆ" ಎಂಬರ್ಥದ ಆಯ್ಕೆ ಕಾಣಿಸಿತು. ಪ್ರೈಮ್ ಆಫ್‌ಲೋಡ್ ಎಂದು ಇದರ ಹೆಸರು. ಎನ್‌ವಿಡಿಯಾ ಡ್ರೈವರ್‌ಗೆ ಇದು ಬಂದಿದ್ದು 2019ರಲ್ಲಿ, 435ರ ಸಾಲಿನಿಂದ. ಅದಕ್ಕೂ ಮುಂಚೆ ಬಳಸುತ್ತಿದ್ದವರು ಪಟ್ಟ ಪಾಡು ಕೇಳಿದರೆ ನಮ್ಮದು ಏನೂ ಅಲ್ಲ. ಆಟ ತೆರೆದೆ. ವಿಂಡೋಸ್‌ನಲ್ಲಿ ಓಡುತ್ತಿದ್ದ ಹಾಗೇ ಓಡಿತು, ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಮಾನಿಟರ್ ಜೋಡಿಸಿದಾಗ ಮಾತ್ರ ಬೇರೆ ಕಾಟ. ಡೆಸ್ಕ್‌ಟಾಪ್ ಬಿಡಿಸುವುದು ಇಂಟೆಲ್. ಆದರೆ ಎಚ್‌ಡಿಎಂಐ ಇರುವುದು ಎನ್‌ವಿಡಿಯಾ ಬಳಿ. ಹಾಗಾಗಿ ಒಂದೊಂದು ಫ್ರೇಮನ್ನೂ ಇಂಟೆಲ್ ಬಿಡಿಸಿ, ಎನ್‌ವಿಡಿಯಾ ಕಡೆಗೆ ನಕಲು ಮಾಡಿ, ಅದು ಮಾನಿಟರ್‌ಗೆ ಕಳಿಸಬೇಕು. ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ ಬೆಣ್ಣೆಯ ಹಾಗೆ ಜಾರುವ ಕಿಟಕಿ ಮಾನಿಟರ್‌ನಲ್ಲಿ ಎಳೆದರೆ ಸಣ್ಣಗೆ ತಡವರಿಸುತ್ತಿತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲಿ ಯಾವ ಕಾರ್ಡ್ ಯಜಮಾನ ಎಂಬುದನ್ನು ಉಡೆವ್ (ಲಿನಕ್ಸ್‌ನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಭಾಗ) ನಿಯಮದ ಒಂದೇ ಸಾಲಿನಿಂದ ಬದಲಿಸಬಹುದು. ಎನ್‌ವಿಡಿಯಾವನ್ನು ಯಜಮಾನ ಮಾಡಿದೆ. ತಡವರಿಕೆ ಹೋಯಿತು. ಬದಲಿಗೆ ಕಾರ್ಡ್ ಸದಾ ದುಡಿಯುತ್ತಾ ಕೈಯಿಟ್ಟರೆ ಸುಡುವಷ್ಟು ಬಿಸಿ.

ಬಿಸಿಯ ಬೇರು ಇನ್ನೂ ಆಳದಲ್ಲಿತ್ತು. ಉಡೆವ್ ಸಾಲು ತೆಗೆದು, ಮಾನಿಟರ್ ಬಿಚ್ಚಿ, ಬ್ಯಾಟರಿಯಲ್ಲಿ ಸುಮ್ಮನೆ ಟೈಪ್ ಮಾಡುತ್ತಾ ಕೂತರೂ ಚಾರ್ಜ್ ವಿಂಡೋಸ್‌ಗಿಂತ ಬೇಗ ಇಳಿಯುತ್ತಿತ್ತು. ಕೆಲಸವಿಲ್ಲದಾಗ ಕಾರ್ಡ್ ಪೂರ್ತಿ ಆಫ್ ಆಗಿ, ಬೇಕಾದಾಗ ತಾನೇ ಆನ್ ಆಗುವ ಸೌಲಭ್ಯ ಲಿನಕ್ಸ್ ಡ್ರೈವರ್‌ನಲ್ಲಿ ಇದೆ. ಆದರೆ ಅದೂ ಟ್ಯೂರಿಂಗ್‌ನಿಂದ ಮೇಲೆ. ಪ್ಯಾಸ್ಕಲ್‌ನಲ್ಲಿ ಡ್ರೈವರ್ ಒಮ್ಮೆ ಕೂತರೆ ಕಾರ್ಡ್ ಅರೆ ಎಚ್ಚರದಲ್ಲೇ ಇರುತ್ತದೆ, ವಿದ್ಯುತ್ ಹೀರುತ್ತಲೇ ಇರುತ್ತದೆ. ಹೊಂದಾಣಿಕೆಯ ಪಟ್ಟಿಯಲ್ಲಿ ನನ್ನ ಕಾರ್ಡಿನ ಮುಂದೆ "ಓಡುತ್ತದೆ" ಎಂದೇ ಬರೆದಿರುತ್ತದೆ. ಅದೇನೂ ಸುಳ್ಳಲ್ಲ.

ಎನ್ವಿಕಂಟ್ರೋಲ್ ಎಂಬ ಸಣ್ಣ ಸಾಧನ ಇದಕ್ಕೆ ಮದ್ದು. ಇಂಟಿಗ್ರೇಟೆಡ್ ಎಂದು ಹೇಳಿ ರೀಬೂಟ್ ಮಾಡಿದರೆ ಎನ್‌ವಿಡಿಯಾ ಡ್ರೈವರ್ ಲೋಡ್ ಆಗುವುದಿಲ್ಲ, ಕಾರ್ಡನ್ನೇ ವ್ಯವಸ್ಥೆಯಿಂದ ತೆಗೆದು ಆಫ್ ಮಾಡುತ್ತದೆ. ಹೈಬ್ರಿಡ್ ಎಂದರೆ ಎರಡೂ ವಾಪಸ್. ಇಂಟಿಗ್ರೇಟೆಡ್‌ಗೆ ಹಾಕಿದ ದಿನ ಫ್ಯಾನಿನ ಸದ್ದೇ ಇಲ್ಲ. ಬ್ಯಾಟರಿ ಹಳೆಯ ಲೆಕ್ಕಕ್ಕೆ ಬಂತು. ಆದರೆ ಕಾರ್ಡ್ ಹೋದರೆ ಅದರ ಬೆನ್ನಿಗಿರುವ ಎಚ್‌ಡಿಎಂಐ ಕೂಡ ಹೋಯಿತಲ್ವಾ? ಮೇಜಿಗೆ ಬಂದಾಗ ಹೈಬ್ರಿಡ್, ಎದ್ದು ಹೋಗುವಾಗ ಇಂಟಿಗ್ರೇಟೆಡ್. ಪ್ರತಿ ಸಲ ರೀಬೂಟ್. ತೆರೆದ ಫೈಲುಗಳನ್ನೆಲ್ಲ ಮುಚ್ಚಿ ಎದ್ದು ಹೋಗುವುದು ಎಷ್ಟು ರಗಳೆ ಎಂದು ಮಾಡಿದವರಿಗೇ ಗೊತ್ತು.

ಈ ನಡುವೆ ಗೆಳೆಯನಿಗೆ ಫೋನ್ ಮಾಡಿದಾಗ "ಎಎಂಡಿ ತಗೊಂಡಿದ್ರೆ ಇದೆಲ್ಲ ಇರ್ತಿರ್ಲಿಲ್ಲ ಕಣೋ" ಎಂದ. ಬಹುಮಟ್ಟಿಗೆ ಸರಿ. ಆದರೆ ಅಲ್ಲೂ ಮೂಲೆಗಳಿವೆ. ಕಾರ್ಡ್ ತೀರಾ ಹೊಸದಾಗಿದ್ದರೆ ಕರ್ನಲ್, ಮೆಸಾ (ಚಿತ್ರ ಬಿಡಿಸುವ ಮುಕ್ತ ತಂತ್ರಾಂಶ), ಫರ್ಮ್‌ವೇರ್ ಮೂರೂ ಅದನ್ನು ಗುರುತಿಸುವಷ್ಟು ಹೊಸದಿರಬೇಕು. 2025ರ ಮಾರ್ಚ್‌ನಲ್ಲಿ ಬಂದ ಆರ್‌ಎಕ್ಸ್ 9070ನ್ನು 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಡಿಸ್ಟ್ರೋದ ಮೊದಲ ಕರ್ನಲ್ ಹೇಗೆ ಗುರುತಿಸೀತು? ಎಚ್‌ಡಿಎಂಐ 2.1 ಇನ್ನೊಂದು. ಅದನ್ನು ಮುಕ್ತ ಡ್ರೈವರ್‌ಗೆ ಸೇರಿಸಲು ಎಎಂಡಿ ಸಿದ್ಧಪಡಿಸಿದ್ದ ಕೆಲಸವನ್ನು ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂಬುದು 2024ರ ಫೆಬ್ರವರಿಯಲ್ಲಿ ಹೊರಬಿತ್ತು. 4ಕೆ ಟಿವಿಯಲ್ಲಿ 120 ಹರ್ಟ್ಜ್ ಬಯಸುವವರಿಗೆ ಇದು ದೊಡ್ಡ ವಿಷಯ. ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದನ್ನು ಅವನಿಗೆ ಹೇಳಿದೆ. "ನನ್ ಹತ್ರ ಟಿವಿ ಇಲ್ವಲ್ಲ" ಎಂದು ಜಾರಿಕೊಂಡ.

ವಿಡಿಯೋ ಬಗ್ಗೆ ಒಂದೆರಡು ಮಾತು. ಪೇಟೆಂಟ್ ಕಾರಣಕ್ಕೆ ಫೆಡೋರಾ ಕೆಲವು ಕೋಡೆಕ್‌ಗಳನ್ನು (ಕುಗ್ಗಿಸಿಟ್ಟ ವಿಡಿಯೋ ಬಿಚ್ಚುವ ತಂತ್ರಾಂಶಗಳನ್ನು) ತನ್ನ ಜೊತೆ ಕೊಡುವುದಿಲ್ಲ. ಇಂಟೆಲ್ ಮೀಡಿಯಾ ಡ್ರೈವರನ್ನು ಆರ್‌ಪಿಎಂ ಫ್ಯೂಷನ್‌ನಿಂದ ಹಾಕಿದ ಮೇಲೆ ಎಚ್.264, ಎಚ್‌ಇವಿಸಿ, ವಿಪಿ9 ಮೂರೂ ಇಂಟೆಲ್ ಚಿಪ್ಪಿನಲ್ಲೇ ಬಿಚ್ಚಿಕೊಳ್ಳತೊಡಗಿದವು. ಎವಿ1 ಮಾತ್ರ ಇಲ್ಲ. ಅದು ಇಂಟೆಲ್‌ನಲ್ಲಿ ಹನ್ನೊಂದನೇ ತಲೆಮಾರಿನ ಟೈಗರ್ ಲೇಕ್‌ನಿಂದ ಬಂದಿದ್ದು. ಕೆಲವು ಸೈಟ್‌ಗಳು ಎವಿ1 ಕಳಿಸಿದಾಗ ಪ್ರೊಸೆಸರ್ ಒದ್ದಾಡುತ್ತದೆ. ಫೈರ್‌ಫಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಎವಿ1 ಆಫ್ ಮಾಡಿದರೆ ಅವು ವಿಪಿ9 ಕಳಿಸುತ್ತವೆ, ಸರಿಹೋಗುತ್ತದೆ.

ಕರ್ನಲ್ ಅಪ್‌ಡೇಟ್ ಒಮ್ಮೆ ಕೈಕೊಟ್ಟಿತು. ಹೊಸ ಕರ್ನಲ್ ಬಂದಿದೆ, ಮಾಡ್ಯೂಲ್ ಕಟ್ಟುವುದು ನಡುವೆ ಮುರಿದಿದೆ, ಮಾನಿಟರ್ ಕಪ್ಪು. ಲ್ಯಾಪ್‌ಟಾಪ್ ಸ್ಕ್ರೀನ್ ಇಂಟೆಲ್‌ನದಾದ್ದರಿಂದ ಅದು ಎಂದಿನಂತೆ ಬಂತು. ಫೆಡೋರಾ ಹಿಂದಿನ ಕರ್ನಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿ ಕೆಲಸ ಮುಂದುವರಿಸಿದೆ. ಡ್ರೈವರ್‌ನ ತಿದ್ದುಪಡಿ ಬಂದ ಮೇಲೆ ತಾನಾಗಿ ಸರಿಹೋಯಿತು. ಒಂದೇ ಕಾರ್ಡ್ ಇರುವ ಡೆಸ್ಕ್‌ಟಾಪ್ ಆಗಿದ್ದರೆ ಇದೇ ಘಟನೆ ಇನ್ನೂ ಗಾಬರಿ ಹುಟ್ಟಿಸುತ್ತಿತ್ತು.

ಮಾನಿಟರ್‌ಗಾಗಿ ರೀಬೂಟ್ ಮಾಡುವ ರಗಳೆಯಿಂದ ಬಿಡುಗಡೆ ಸಿಕ್ಕಿದ್ದು ಆ ಡಿಆರ್‌ಎಂ ಪಟ್ಟಿಯಿಂದಲೇ. ಇಂಟೆಲ್ ಕಡೆಗೆ ಡಿಪಿ-1 ಎಂದು ಒಂದು ಹೆಸರಿತ್ತಲ್ಲ, ಅದು ಯಾವ ಕಿಂಡಿ? ಲ್ಯಾಪ್‌ಟಾಪಿಗೆ ಡಿಸ್‌ಪ್ಲೇಪೋರ್ಟ್ ಕಿಂಡಿಯೇ ಇಲ್ಲ. ಉಳಿದಿರುವುದು ಟೈಪ್ ಸಿ ಒಂದೇ. ಅದರ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರ ಹೆಣೆದ ಸಣ್ಣ ಗುರುತು ಇತ್ತು. ಟೈಪ್ ಸಿ ಕಿಂಡಿಗಳೆಲ್ಲ ಚಿತ್ರ ಕಳಿಸುವುದಿಲ್ಲ, ಈ ಗುರುತು ಇದ್ದರೆ ಕಳಿಸುತ್ತದೆ. ಟೈಪ್ ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ತಂದು, ಇಂಟಿಗ್ರೇಟೆಡ್‌ನಲ್ಲೇ ಇಟ್ಟು ಜೋಡಿಸಿದೆ. ಮಾನಿಟರ್ ಬಂತು. 60 ಹರ್ಟ್ಜ್, ಪೂರ್ತಿ ರೆಸಲ್ಯೂಶನ್, ಫ್ಯಾನ್ ತಣ್ಣಗೆ. ಬಿಡಿಸುವವನೂ ಕಳಿಸುವವನೂ ಒಬ್ಬನೇ ಆದ್ದರಿಂದ ತಡವರಿಕೆಯ ಮಾತೇ ಇಲ್ಲ.

ಈಗ ಯಂತ್ರ ಸದಾ ಇಂಟಿಗ್ರೇಟೆಡ್‌ನಲ್ಲೇ ಇರುತ್ತದೆ. ವಾರದ ಕೊನೆಯಲ್ಲಿ ಆಟ ಬೇಕೆನಿಸಿದರೆ ಹೈಬ್ರಿಡ್‌ಗೆ ಹಾಕಿ ರೀಬೂಟ್ ಮಾಡುತ್ತೇನೆ. ಮಾಡ್ಯೂಲ್ ಮುರಿದರೂ ಆಟ ನಿಲ್ಲುತ್ತದೆಯೇ ಹೊರತು ಕೆಲಸ ನಿಲ್ಲುವುದಿಲ್ಲ. ಅಪ್‌ಡೇಟ್ ಒತ್ತುವ ಮುಂಚೆ ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರಿನ ಮುಂದೆ 580 ಇದೆಯೋ ಬೇರೆ ಸಂಖ್ಯೆ ಬಂದಿದೆಯೋ ಎಂದು ನೋಡುತ್ತೇನೆ. ಬೇರೆ ಇದ್ದರೆ ಅದೊಂದನ್ನು ತಡೆದು ಉಳಿದದ್ದನ್ನು ಬಿಡುತ್ತೇನೆ.